ಕೊರಳ ಗಂಟು: ಲೆಕ್ಕಕ್ಕೆ ಸಿಗದ ನಾಲ್ಕು ತಾಲ್ಲೂಕುಗಳು

ವಿಜಯಪುರ: ಇಂಡಿಯ ರೋಗಿಗಳು ಹೆಚ್ಚಾಗಿ ಸೊಲ್ಲಾಪುರದ ಕಡೆಗೆ ಮುಖ ಮಾಡುತ್ತಾರೆ. ಸಿಂದಗಿಯವರು ಕಲಬುರಗಿಗೆ ಹೋಗುತ್ತಾರೆ. ಮುದ್ದೇಬಿಹಾಳದವರು ಬಾಗಲಕೋಟೆ, ಹುಬ್ಬಳ್ಳಿಗಳ ದಾರಿ ಹಿಡಿಯುತ್ತಾರೆ. ಬಸವನ ಬಾಗೇವಾಡಿಯವರಿಗೆ ವಿಜಯಪುರವೇ ಮೊದಲ ಆಸರೆ. ಅಲ್ಲಿಂದಲೂ ಮುಂದಕ್ಕೆ ಕಳುಹಿಸಿದರೆ ಮಿರಜ್, ಬೆಳಗಾವಿ ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. ಕುತ್ತಿಗೆಯ ಮುಂಭಾಗದಲ್ಲಿ ಗಂಟು ಕಾಣಿಸಿಕೊಂಡ ಮಹಿಳೆಯೊಬ್ಬಳು ಹೀಗೆ ಎರಡು ರಾಜ್ಯಗಳ ಎಂಟು ನಗರಗಳ ಪೈಕಿ ಎಲ್ಲಿ ಬೇಕಾದರೂ ಚಿಕಿತ್ಸೆ ಪಡೆಯಬಹುದು. ಆದರೆ ಆಕೆ ಯಾವ ತಾಲ್ಲೂಕಿನವಳು, ಆಕೆಯ ಗಂಟು ಕ್ಯಾನ್ಸರ್ ಆಗಿತ್ತೇ, ಐದು ವರ್ಷಗಳ ನಂತರ ಆಕೆ ಬದುಕಿದ್ದಾಳೆಯೇ ಎಂಬುದನ್ನು ಒಂದೇ ಪುಸ್ತಕದಲ್ಲಿ ಬರೆದಿಡುವ ವ್ಯವಸ್ಥೆ ಈ ನಾಲ್ಕು ತಾಲ್ಲೂಕುಗಳಿಗೆ ದೊರೆತಿಲ್ಲ.

ಇದರ ಪರಿಣಾಮವಾಗಿ ಲೆಕ್ಕ ಇರಬೇಕಾದ ಜಾಗದಲ್ಲಿ ಊಹೆಗಳು ಬಂದು ಕುಳಿತಿವೆ. ‘ನಮ್ಮ ಕಡೆ ಥೈರಾಯ್ಡ್ ಬಹಳ ಆಗೇದ’ ಎಂಬ ಮಾತು ಬಸ್ ನಿಲ್ದಾಣದಲ್ಲಿ, ಔಷಧ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಕೇಳಿಬರುತ್ತದೆ. ಕಾರಣ ಕೇಳಿದರೆ ಒಬ್ಬರು ಕೊಳವೆಬಾವಿಯ ಫ್ಲೋರೈಡ್ ನೀರನ್ನು ತೋರಿಸುತ್ತಾರೆ. ಇನ್ನೊಬ್ಬರು ದ್ರಾಕ್ಷಿ, ನಿಂಬೆ ತೋಟಗಳಿಗೆ ಸಿಂಪಡಿಸುವ ಕೀಟನಾಶಕವನ್ನು. ಮತ್ತೊಬ್ಬರು ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಯನ್ನು. ಒಂದು ತಾಲ್ಲೂಕಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಎಂಬ ಹೋಲಿಕೆಗಳೂ ಇವೆ. ಈ ಮಾತುಗಳನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಜನರ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಕೊಡಬೇಕಾದ ಲೆಕ್ಕವನ್ನು ಯಾರೂ ಇಟ್ಟಿಲ್ಲ ಎಂಬುದೇ ಇಲ್ಲಿನ ಸಮಸ್ಯೆ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಬೇಕು. ‘ಥೈರಾಯ್ಡ್ ಇದೆ’ ಎಂದು ಜನ ಹೇಳುವುದು ಬಹುಪಾಲು ಸಂದರ್ಭಗಳಲ್ಲಿ ಗ್ರಂಥಿಯು ಹಾರ್ಮೋನನ್ನು ಕಡಿಮೆ ಸ್ರವಿಸುವ ತೊಂದರೆಯನ್ನು ಕುರಿತು. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಪ್ರಮಾಣ ಏರಿರುವುದು, ದಿನಕ್ಕೊಂದು ಮಾತ್ರೆ ನುಂಗುವುದು ಇದರ ಲಕ್ಷಣ. ಇದು ಕ್ಯಾನ್ಸರ್ ಅಲ್ಲ. ಗ್ರಂಥಿ ಊದಿಕೊಳ್ಳುವ ಗಳಗಂಡವೂ ತಾನಾಗಿಯೇ ಕ್ಯಾನ್ಸರ್ ಅಲ್ಲ. ಕುತ್ತಿಗೆಯಲ್ಲಿ ಕೈಗೆ ಸಿಗುವ ಗಂಟುಗಳ ಪೈಕಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಿರಪಾಯಕಾರಿ. ಉಳಿದ ಕೆಲವೇ ಗಂಟುಗಳ ವಿಷಯವನ್ನು ಈ ಲೇಖನ ಚರ್ಚಿಸುತ್ತದೆ.

ಎಣಿಕೆ ಬೇರೆ, ದರ ಬೇರೆ

ಆಸ್ಪತ್ರೆಯೊಂದಕ್ಕೆ ಕಳೆದ ವರ್ಷ ಇಷ್ಟು ಥೈರಾಯ್ಡ್ ಕ್ಯಾನ್ಸರ್ ರೋಗಿಗಳು ಬಂದರು ಎಂಬುದು ಒಂದು ಎಣಿಕೆ ಮಾತ್ರ. ದರ ಎಂದು ಕರೆಯಬೇಕಾದರೆ ನಿಶ್ಚಿತ ಪ್ರದೇಶದಲ್ಲಿ ವಾಸಿಸುವ ನಿಶ್ಚಿತ ಸಂಖ್ಯೆಯ ಜನರಲ್ಲಿ ಒಂದು ವರ್ಷಕ್ಕೆ ಎಷ್ಟು ಹೊಸ ಪ್ರಕರಣಗಳು ಪತ್ತೆಯಾದವು ಎಂಬುದು ತಿಳಿದಿರಬೇಕು. ಜೊತೆಗೆ ಆ ಜನರ ವಯಸ್ಸಿನ ವಿವರವೂ ಬೇಕು. ಹಿರಿಯರು ಹೆಚ್ಚಿರುವ ಊರಿನಲ್ಲಿ ಬಹುತೇಕ ಕ್ಯಾನ್ಸರ್‌ಗಳು ಸಹಜವಾಗಿಯೇ ಹೆಚ್ಚು. ಆದ್ದರಿಂದ ಎರಡು ಪ್ರದೇಶಗಳನ್ನು ಹೋಲಿಸುವಾಗ ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿದ ದರವನ್ನೇ ಬಳಸುತ್ತಾರೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ಭಿನ್ನರಾಶಿಯ ಮೇಲಿನ ಅಂಕಿಯೂ ಚದುರಿದೆ, ಕೆಳಗಿನ ಅಂಕಿಯೂ ಅಲುಗಾಡುತ್ತಿದೆ. ರೋಗಿಗಳು ಎರಡು ರಾಜ್ಯಗಳಲ್ಲಿ ಹಂಚಿಹೋಗುವುದರಿಂದ ಮೇಲಿನ ಅಂಕಿ ಯಾವುದೇ ಒಂದು ಆಸ್ಪತ್ರೆಯ ಕಡತದಲ್ಲಿ ಪೂರ್ಣವಾಗಿ ಸಿಗುವುದಿಲ್ಲ. ಇನ್ನು ಕೆಳಗಿನ ಅಂಕಿಯ ಸ್ಥಿತಿ ನೋಡಿ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 21,77,331. ಆಗ ಜಿಲ್ಲೆಯಲ್ಲಿದ್ದುದು ಐದೇ ತಾಲ್ಲೂಕುಗಳು. ಆನಂತರ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಪ್ರತ್ಯೇಕ ತಾಲ್ಲೂಕುಗಳಾದವು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೂಡಲ್ಪಟ್ಟು 2027ಕ್ಕೆ ನಿಗದಿಯಾಯಿತು. ಹಳೆಯ ಗಡಿಯ ಜನಸಂಖ್ಯೆ, ಹೊಸ ಗಡಿಯ ವಿಳಾಸ ಎರಡನ್ನೂ ಬೆರೆಸಿ ಲೆಕ್ಕ ಹಾಕಿದರೆ ಇಲ್ಲದ ಏರಿಕೆಯೂ ಕಾಣಿಸುತ್ತದೆ, ಇರುವ ಏರಿಕೆಯೂ ಮರೆಯಾಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿದ್ದು 1981ರ ಡಿಸೆಂಬರಿನಲ್ಲಿ. ಮುಂಬೈ, ಚೆನ್ನೈಗಳ ಜೊತೆಗೆ ಬೆಂಗಳೂರು ಅದರ ಮೊದಲ ಮೂರು ಜನಸಂಖ್ಯಾಧಾರಿತ ನೋಂದಣಿಗಳಲ್ಲಿ ಒಂದು; ಕಿದ್ವಾಯಿ ಸಂಸ್ಥೆ ಅದನ್ನು ನಡೆಸುತ್ತಾ ಬಂದಿದೆ. ಈ ಕಾರ್ಯಕ್ರಮದ ಮಾಹಿತಿಯನ್ನು ಕ್ರೋಡೀಕರಿಸುವ ರಾಷ್ಟ್ರೀಯ ಕೇಂದ್ರವೂ ಬೆಂಗಳೂರಿನಲ್ಲಿಯೇ ಇದೆ. ಹೀಗಿದ್ದೂ 2020ರಲ್ಲಿ ಪ್ರಕಟವಾದ ರಾಷ್ಟ್ರೀಯ ವರದಿಯಲ್ಲಿದ್ದ 28 ಜನಸಂಖ್ಯಾಧಾರಿತ ನೋಂದಣಿಗಳ ಪೈಕಿ ಕರ್ನಾಟಕದ್ದು ಬೆಂಗಳೂರು ಒಂದೇ. ರಾಜಧಾನಿಯ ದರವನ್ನು ತಂದು ಭೀಮಾ ತೀರದ ಹಳ್ಳಿಗಳಿಗೆ ಅನ್ವಯಿಸುವುದು ಬೆಂಗಳೂರಿನ ಮಳೆಯನ್ನು ಅಳೆದು ಸಿಂದಗಿಯ ಜೋಳದ ಬೆಳೆಗೆ ಅಂದಾಜು ಕಟ್ಟಿದಂತಾಗುತ್ತದೆ.

ಸಣ್ಣ ಸಂಖ್ಯೆಗಳ ಆಟ

ತಾಲ್ಲೂಕು ಮಟ್ಟದ ಹೋಲಿಕೆಯಲ್ಲಿ ಇನ್ನೊಂದು ಅಪಾಯವಿದೆ. ದೇಶದ ನೋಂದಣಿಗಳ ಅಂಕಿಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದರ ಪ್ರಕಾರ 2012–14ರ ಅವಧಿಯಲ್ಲಿ ಭಾರತದ ಮಹಿಳೆಯರಲ್ಲಿ ಥೈರಾಯ್ಡ್ ಕ್ಯಾನ್ಸರ್ ದರ ಲಕ್ಷಕ್ಕೆ ಸುಮಾರು 3.5, ಪುರುಷರಲ್ಲಿ ಸುಮಾರು 1.3. ಲೆಕ್ಕದ ಅನುಕೂಲಕ್ಕಾಗಿ 3 ಲಕ್ಷ ಜನರಿರುವ, ಅಂದರೆ ಒಂದೂವರೆ ಲಕ್ಷ ಮಹಿಳೆಯರಿರುವ ತಾಲ್ಲೂಕೊಂದನ್ನು ಕಲ್ಪಿಸಿಕೊಳ್ಳೋಣ. ಅದೇ ದರ ಇಲ್ಲಿಯೂ ಇದ್ದರೆ ವರ್ಷಕ್ಕೆ ನಿರೀಕ್ಷಿಸಬೇಕಾದ ಹೊಸ ಮಹಿಳಾ ರೋಗಿಗಳು ಸುಮಾರು ಐವರು.

ಸರಾಸರಿ ಐದು ಎಂದರೆ ಪ್ರತಿ ವರ್ಷವೂ ಐದೇ ಎಂದಲ್ಲ. ನೀರು, ಗಾಳಿ, ಆಹಾರ ಯಾವುದೂ ಬದಲಾಗದೆಯೇ ಒಂದು ವರ್ಷ ಎರಡು, ಮತ್ತೊಂದು ವರ್ಷ ಎಂಟು ಅಥವಾ ಒಂಬತ್ತು ಆಗಬಹುದು. ನಾಣ್ಯ ಚಿಮ್ಮಿದಾಗ ಒಮ್ಮೊಮ್ಮೆ ಸಾಲಾಗಿ ರಾಜಮುಖವೇ ಬೀಳುವಂತೆ ಇದು ಕೇವಲ ಆಕಸ್ಮಿಕ. ಒಂದೇ ದರವಿರುವ ಎರಡು ನೆರೆಯ ತಾಲ್ಲೂಕುಗಳಲ್ಲಿ ಒಂದರಲ್ಲಿ ಮೂರು, ಇನ್ನೊಂದರಲ್ಲಿ ಎಂಟು ಪ್ರಕರಣಗಳು ಕಂಡವೆನ್ನಿ. ‘ಆ ತಾಲ್ಲೂಕಿನಲ್ಲಿ ಸುಮಾರು ಮೂರು ಪಟ್ಟು ಹೆಚ್ಚು’ ಎಂಬ ತಲೆಬರಹ ಬರೆಯುವುದಕ್ಕೆ ಪತ್ರಕರ್ತರಾದ ನಮಗೆ ಅಷ್ಟೇ ಸಾಕು. ಆದರೆ ಅದು ಸುಳ್ಳು ಸುದ್ದಿಯಾಗಿರುತ್ತದೆ. ಒಂದೇ ಓಣಿಯಲ್ಲಿ ಇಬ್ಬರಿಗೆ ಗಂಟು ಬಂದಿತೆಂದು ಆ ಓಣಿಯ ಬಾವಿಯನ್ನು ದೂರುವ ಮೊದಲು ಐದು ವರ್ಷಗಳ ಎಣಿಕೆಯಾದರೂ ಕೈಯಲ್ಲಿರಬೇಕು. ಐದು ವರ್ಷಗಳಲ್ಲಿ ನಿರೀಕ್ಷಿತ 25ರ ಬದಲು 50 ಕಂಡರೆ ಅದನ್ನು ಆಕಸ್ಮಿಕವೆಂದು ಬಿಡುವಂತಿಲ್ಲ, ತನಿಖೆ ಆಗಲೇಬೇಕು. ಅಂಥ ಎಣಿಕೆ ಇಲ್ಲದಿರುವಾಗ ಸುಳ್ಳು ಭಯವನ್ನು ತಣಿಸುವುದಕ್ಕೂ ಆಗುವುದಿಲ್ಲ, ನಿಜವಾದ ಅಪಾಯವನ್ನು ಹಿಡಿಯುವುದಕ್ಕೂ ಆಗುವುದಿಲ್ಲ.

ಇದೇ ಮಾತು ಜಾತಿ, ಧರ್ಮಗಳ ಆಧಾರದ ಹೋಲಿಕೆಗೂ ಸಲ್ಲುತ್ತದೆ. 1963ರಲ್ಲಿ ಆರಂಭವಾದ ಮುಂಬೈ ನೋಂದಣಿ, ಆ ನಗರದ ಸಮುದಾಯವಾರು ಜನಸಂಖ್ಯೆ ತಿಳಿದಿದ್ದುದರಿಂದ, ಪಾರ್ಸಿ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ದರ ಇತರರಿಗಿಂತ ಹೆಚ್ಚೆಂಬುದನ್ನು ತೋರಿಸಿಕೊಟ್ಟಿತು. ಜನರನ್ನು ಮೊದಲು ಎಣಿಸಿದ್ದರಿಂದ ಅದು ಸಾಧ್ಯವಾಯಿತು. ಎಣಿಕೆಯಿಲ್ಲದೆ ಯಾವುದೇ ಸಮುದಾಯಕ್ಕೆ ರೋಗದ ಹಣೆಪಟ್ಟಿ ಅಂಟಿಸುವುದು ಅನ್ಯಾಯ. ಅಂಥ ಹಣೆಪಟ್ಟಿಯ ಭಾರ ಬೀಳುವುದು ಮದುವೆ ವಯಸ್ಸಿನ ಹೆಣ್ಣುಮಕ್ಕಳ ಮೇಲೆ.

ಬಾರ್ಶಿಯ ಪಾಠ

ಗ್ರಾಮೀಣ ಪ್ರದೇಶದಲ್ಲಿ ಕ್ಯಾನ್ಸರ್ ನೋಂದಣಿ ಅಸಾಧ್ಯವೆಂಬ ವಾದಕ್ಕೆ ಉತ್ತರ ನಮ್ಮ ಗಡಿಯಾಚೆಯೇ ಇದೆ. ಇಂಡಿಯ ಜನ ಸಂತೆ, ಆಸ್ಪತ್ರೆಗಳಿಗೆಂದು ಹೋಗುವ ಸೊಲ್ಲಾಪುರದಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿ ಬಾರ್ಶಿ ಪಟ್ಟಣವಿದೆ. ಅಲ್ಲಿನ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯನ್ನು ಕೇಂದ್ರವಾಗಿಟ್ಟುಕೊಂಡು 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಬಾರ್ಶಿ, ಪರಂಡಾ ಮತ್ತು ಭೂಮ್ ತಾಲ್ಲೂಕುಗಳ 300ಕ್ಕೂ ಹೆಚ್ಚು ಹಳ್ಳಿಗಳು ಅದರ ವ್ಯಾಪ್ತಿ. ಒಟ್ಟು ಜನಸಂಖ್ಯೆ ನಾಲ್ಕೈದು ಲಕ್ಷ, ಅಂದರೆ ಇಂಡಿಯ ಹಳೆಯ ತಾಲ್ಲೂಕಿನಷ್ಟೇ. ಜೋಳ ಬೆಳೆಯುವ ಕಪ್ಪು ಮಣ್ಣು, ಮಳೆಯ ಅಭಾವ, ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳು ಇವೆಲ್ಲ ನಮಗೂ ಅವರಿಗೂ ಸಮಾನ.

ನಗರದ ನೋಂದಣಿಗಳಂತೆ ಆಸ್ಪತ್ರೆಯ ಕಡತಗಳನ್ನು ನಕಲು ಮಾಡುವುದು ಅಲ್ಲಿ ಸಾಕಾಗುತ್ತಿರಲಿಲ್ಲ. ಬಹುಪಾಲು ರೋಗಿಗಳು ಆಸ್ಪತ್ರೆಗೇ ಹೋಗುತ್ತಿರಲಿಲ್ಲ. ಹಾಗಾಗಿ ನೋಂದಣಿಯ ಕಾರ್ಯಕರ್ತರು ಹಳ್ಳಿ ಹಳ್ಳಿಗೆ ನಿಯತವಾಗಿ ಭೇಟಿ ಕೊಟ್ಟರು. ಊರಿನ ಹಿರಿಯರು, ಶಿಕ್ಷಕರು, ಪಂಚಾಯಿತಿ ಸದಸ್ಯರೊಡನೆ ಕುಳಿತು ಕ್ಯಾನ್ಸರಿನ ಸೂಚನೆಗಳನ್ನು ವಿವರಿಸಿದರು. ಅನುಮಾನಾಸ್ಪದ ಲಕ್ಷಣವಿರುವವರನ್ನು ಪರೀಕ್ಷೆಗೆ ಒಪ್ಪಿಸಿದರು. ಸಾವುಗಳ ಬಗ್ಗೆ ಕೇಳಿ ಬರೆದುಕೊಂಡರು. ಎಣಿಸುವ ಕೆಲಸವೇ ತಿಳಿವಳಿಕೆ ಕೊಡುವ ಕೆಲಸವೂ ಆಯಿತು. ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಇರುವ ಮಹಿಳೆಯರು ಮೊದಲಿಗಿಂತ ಮುಂಚಿನ ಹಂತದಲ್ಲಿಯೇ ಆಸ್ಪತ್ರೆಗೆ ಬರತೊಡಗಿದರೆಂಬುದು 1990ರ ದಶಕದಲ್ಲಿ ಪ್ರಕಟವಾದ ಅಧ್ಯಯನದಿಂದ ದೃಢಪಟ್ಟಿತು. ದುಬಾರಿ ಯಂತ್ರಗಳ ನೆರವಿಲ್ಲದೆ ಇದು ಸಾಧ್ಯವಾಯಿತು.

ಥೈರಾಯ್ಡ್ ಕ್ಯಾನ್ಸರಿನಲ್ಲಿ ಬಾರ್ಶಿ ದೇಶದ ಕಡಿಮೆ ದರಗಳ ಸಾಲಿನಲ್ಲಿದೆ. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಹತ್ತಿರದ ಅಳತೆಗೋಲು ಯಾವುದಾದರೂ ಇದ್ದರೆ ಇದೇ. ಆದರೆ ಈ ಕಡಿಮೆ ದರದ ಅರ್ಥವೇನು ಎಂಬುದನ್ನು ತಿಳಿಯಲು ಕೇರಳದತ್ತ ನೋಡಬೇಕು.

ಹುಡುಕಿದಷ್ಟೂ ಸಿಗುವ ಕ್ಯಾನ್ಸರ್

ಅದೇ 2012–14ರ ಅವಧಿಯಲ್ಲಿ ತಿರುವನಂತಪುರದ ಮಹಿಳೆಯರಲ್ಲಿ ಥೈರಾಯ್ಡ್ ಕ್ಯಾನ್ಸರ್ ದರ ಲಕ್ಷಕ್ಕೆ 14.6ರಷ್ಟಿತ್ತು. ಆರು ವರ್ಷಗಳಲ್ಲಿ ಅದು ಹೆಚ್ಚೂಕಡಿಮೆ ಇಮ್ಮಡಿಯಾಗಿತ್ತು. ದೇಶದ ಪ್ರದೇಶ ಪ್ರದೇಶಗಳ ನಡುವೆ ಹತ್ತು ಪಟ್ಟಿನವರೆಗೆ ಅಂತರ ಕಂಡುಬಂದಿತ್ತು. ಕೇರಳದ ನೀರಿನಲ್ಲಿ ವಿಷ ಬೆರೆತಿದೆಯೇ? ಸಂಶೋಧಕರು ವಯಸ್ಸುವಾರು ಅಂಕಿಗಳನ್ನು ಪರಿಶೀಲಿಸಿದಾಗ ಬೇರೆಯೇ ಚಿತ್ರ ದೊರೆಯಿತು. ಏರಿಕೆಯು ಚಿಕ್ಕ ವಯಸ್ಸಿನ, ಆಸ್ಪತ್ರೆಗೆ ಹೆಚ್ಚು ಬಾರಿ ಹೋಗುವ ಮಹಿಳೆಯರಲ್ಲಿ ಗುಂಪುಗೂಡಿತ್ತು. ಭಾರತದ ಮಹಿಳೆಯರಲ್ಲಿ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್‌ಗಳ ಪೈಕಿ ಅರ್ಧದಷ್ಟು ಅತಿಪತ್ತೆಯ ಫಲ ಎಂದು 2020ರಲ್ಲಿ ಪ್ರಕಟವಾದ ಆ ಅಧ್ಯಯನ ಅಂದಾಜು ಮಾಡಿತು. ಜೀವಮಾನವಿಡೀ ಯಾವ ತೊಂದರೆಯನ್ನೂ ಕೊಡದೆ ಉಳಿಯುತ್ತಿದ್ದ ಸಣ್ಣ ಗಂಟುಗಳನ್ನು ಯಂತ್ರವು ಹುಡುಕಿ ಕ್ಯಾನ್ಸರ್ ಎಂಬ ಹೆಸರು ಕೊಡುವುದನ್ನೇ ಅತಿಪತ್ತೆ ಎನ್ನುತ್ತಾರೆ.

ಈ ಮಾತು ನಂಬಲು ಕಷ್ಟ. ಕ್ಯಾನ್ಸರ್ ಎಂದರೆ ಸಾವು ಎಂದು ತಿಳಿದವರಿಗಂತೂ ಇನ್ನೂ ಕಷ್ಟ. ಬೇರೆ ಕಾರಣಗಳಿಂದ ಮೃತಪಟ್ಟವರ ಶವಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು ಹನ್ನೊಂದು ಮಂದಿಯ ಥೈರಾಯ್ಡ್ ಗ್ರಂಥಿಯಲ್ಲಿ ಸಣ್ಣ ಪ್ಯಾಪಿಲರಿ ಕ್ಯಾನ್ಸರ್ ಕಂಡುಬಂದಿದೆ. ಅವರಾರೂ ಅದರಿಂದ ಸತ್ತವರಲ್ಲ. ಅದಿತ್ತೆಂಬುದೂ ಅವರಿಗೆ ಗೊತ್ತಿರಲಿಲ್ಲ. ಈ ಮೌನ ಗಂಟುಗಳು ಗಂಡು, ಹೆಣ್ಣುಗಳಲ್ಲಿ ಹೆಚ್ಚೂಕಡಿಮೆ ಸಮ ಪ್ರಮಾಣದಲ್ಲಿವೆ. ಆದರೆ ಆಸ್ಪತ್ರೆಯ ಲೆಕ್ಕದಲ್ಲಿ ಪುರುಷರಿಗಿಂತ ಮಹಿಳೆಯರು ಸುಮಾರು ಮೂರು ಪಟ್ಟು. ಗರ್ಭಿಣಿಯಾದಾಗ, ಹೆರಿಗೆಯ ನಂತರ, ಮುಟ್ಟಿನ ತೊಂದರೆಗೆಂದು ಮಹಿಳೆಯರ ಥೈರಾಯ್ಡ್ ಹೆಚ್ಚು ಬಾರಿ ಪರೀಕ್ಷೆಗೆ ಒಳಪಡುವುದೂ ಈ ಅಂತರಕ್ಕೆ ಒಂದು ಕಾರಣ.

ದಕ್ಷಿಣ ಕೊರಿಯಾದ ಅನುಭವ ಇದಕ್ಕೆ ದೊಡ್ಡ ಸಾಕ್ಷಿ. ಆ ಸರ್ಕಾರ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣಾ ಕಾರ್ಯಕ್ರಮ ಆರಂಭಿಸಿತು. ಥೈರಾಯ್ಡ್ ಅದರ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಅಲ್ಪ ಶುಲ್ಕಕ್ಕೆ ಕುತ್ತಿಗೆಯ ಸ್ಕ್ಯಾನಿಂಗ್ ಮಾಡಿಕೊಡುವ ಪದ್ಧತಿ ಆಸ್ಪತ್ರೆಗಳಲ್ಲಿ ಬೆಳೆಯಿತು. 1993ಕ್ಕೆ ಹೋಲಿಸಿದರೆ 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ ದರ ಹದಿನೈದು ಪಟ್ಟು ಏರಿತ್ತು. ಅದೊಂದೇ ವರ್ಷ 40 ಸಾವಿರಕ್ಕೂ ಹೆಚ್ಚು ಜನರಿಗೆ ರೋಗವಿದೆಯೆಂದು ಹೇಳಲಾಯಿತು. ಆದರೆ ಈ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ವರ್ಷಕ್ಕೆ 300ರಿಂದ 400ರ ನಡುವೆ ಹಾಗೆಯೇ ಉಳಿಯಿತು. ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ನೂರಕ್ಕೆ ಸುಮಾರು ಹನ್ನೊಂದು ಮಂದಿಗೆ ಕ್ಯಾಲ್ಸಿಯಂ ನಿಯಂತ್ರಿಸುವ ಗ್ರಂಥಿಗಳು ಹಾನಿಗೊಂಡವು. ಇಬ್ಬರಿಗೆ ಧ್ವನಿತಂತು ನಿಶ್ಚೇಷ್ಟವಾಯಿತು. 2014ರಲ್ಲಿ ಅಲ್ಲಿನ ವೈದ್ಯರ ಗುಂಪೊಂದು ಸಾರ್ವಜನಿಕವಾಗಿ ಎಚ್ಚರಿಸಿದ ನಂತರ ಒಂದೇ ವರ್ಷದಲ್ಲಿ ಶಸ್ತ್ರಚಿಕಿತ್ಸೆಗಳು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿದವು.

ಜಗತ್ತಿನಲ್ಲಿ 2022ರಲ್ಲಿ ಸುಮಾರು 8 ಲಕ್ಷ 20 ಸಾವಿರ ಹೊಸ ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳು ಪತ್ತೆಯಾದವು. ಸಾವುಗಳು ಸುಮಾರು 47 ಸಾವಿರ. ಪತ್ತೆಗೂ ಸಾವಿಗೂ ಇಷ್ಟು ಅಂತರವಿರುವ ಕ್ಯಾನ್ಸರ್‌ಗಳು ಕೆಲವೇ. ಲಕ್ಷಣವಿಲ್ಲದ ವಯಸ್ಕರಿಗೆ ಥೈರಾಯ್ಡ್ ಕ್ಯಾನ್ಸರ್ ತಪಾಸಣೆ ಬೇಡವೆಂದು ಅಮೆರಿಕದ ರೋಗತಡೆ ಕಾರ್ಯಪಡೆ 2017ರಲ್ಲಿ ಸ್ಪಷ್ಟವಾಗಿ ಹೇಳಿದೆ. ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆಯಲ್ಲಿ 1993ರಿಂದಲೇ ಅತಿ ಸಣ್ಣ ಗಂಟುಗಳನ್ನು ಕತ್ತರಿಸದೆ ನಿಗಾದಲ್ಲಿಡುವ ಕ್ರಮ ನಡೆದುಬಂದಿದೆ.

ಇಷ್ಟನ್ನು ತಿಳಿದ ಮೇಲೆ ಒಂದು ತೀರ್ಮಾನ ಅನಿವಾರ್ಯ. ಥೈರಾಯ್ಡ್ ಕ್ಯಾನ್ಸರ್ ದರ ಎಷ್ಟು ಜನರಿಗೆ ರೋಗವಿದೆ ಎಂಬುದರ ಜೊತೆಗೆ ಎಷ್ಟು ಜನರ ಕುತ್ತಿಗೆ ಸ್ಕ್ಯಾನಿಂಗ್ ಯಂತ್ರದ ಕೆಳಗೆ ಬಂತು ಎಂಬುದನ್ನೂ ಅಳೆಯುತ್ತದೆ. ನಾಳೆ ಇಂಡಿಯಲ್ಲಿ ಒಂದು ಉಚಿತ ಸ್ಕ್ಯಾನಿಂಗ್ ಶಿಬಿರ ನಡೆದು, ಸಿಂದಗಿಯಲ್ಲಿ ನಡೆಯದಿದ್ದರೆ, ಮುಂದಿನ ವರ್ಷ ಇಂಡಿಯಲ್ಲಿ ‘ಕ್ಯಾನ್ಸರ್ ಸ್ಫೋಟ’ ಕಾಣುತ್ತದೆ. ಬಾರ್ಶಿಯ ಕಡಿಮೆ ದರದಲ್ಲಿಯೂ ಪತ್ತೆಯಾಗದೆ ಉಳಿದ ನಿರುಪದ್ರವಿ ಗಂಟುಗಳ ಪಾಲಿದೆ. ಹಾಗಾಗಿ ಎರಡು ತಾಲ್ಲೂಕುಗಳನ್ನು ಹೋಲಿಸುವಾಗ ಪ್ರಕರಣಗಳ ಸಂಖ್ಯೆಗಿಂತ ಗಂಟಿನ ಗಾತ್ರ, ರೋಗದ ಹಂತ, ಸಾವಿನ ಪ್ರಮಾಣ ಹೆಚ್ಚು ಸತ್ಯ ಹೇಳುತ್ತವೆ.

ಆರೋಪಿಗಳ ಪಟ್ಟಿ

ಜನರ ಅನುಮಾನಗಳನ್ನು ಒಂದೊಂದಾಗಿ ಪರಿಶೀಲಿಸೋಣ. ಜಿಲ್ಲೆಯ ಅನೇಕ ಗ್ರಾಮಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿರುವುದು ನಿಜ. ಅದರಿಂದ ಹಲ್ಲು ಹಳದಿಯಾಗುವುದು, ಮೂಳೆ ಬಾಗುವುದು ಸಾಬೀತಾದ ಸಂಗತಿ. ಶುದ್ಧ ನೀರಿಗಾಗಿ ಹೋರಾಡಲು ಅಷ್ಟೇ ಕಾರಣ ಸಾಕು. ಆದರೆ ಫ್ಲೋರೈಡ್ ಮನುಷ್ಯರಲ್ಲಿ ಥೈರಾಯ್ಡ್ ಕ್ಯಾನ್ಸರ್ ತರುತ್ತದೆಂಬುದು ಸಾಬೀತಾಗಿಲ್ಲ. ಕುಡಿಯುವ ನೀರಿನ ಫ್ಲೋರೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿಲ್ಲ.

ಅಯೋಡಿನ್ ಕಥೆ ಸ್ವಲ್ಪ ಸೂಕ್ಷ್ಮ. ಆಹಾರದಲ್ಲಿ ಅಯೋಡಿನ್ ಕೊರತೆಯಾದರೆ ಗಳಗಂಡ ಬರುತ್ತದೆ. ಅಂಥ ಪ್ರದೇಶಗಳಲ್ಲಿ ಫಾಲಿಕ್ಯುಲರ್ ಮತ್ತು ಅತ್ಯಂತ ಮಾರಕವಾದ ಅನಾಪ್ಲಾಸ್ಟಿಕ್ ಎಂಬ ಬಗೆಗಳ ಪಾಲು ಹೆಚ್ಚು. ಅಯೋಡಿನ್ ಸಾಕಷ್ಟು ದೊರೆತಲ್ಲಿ ನಿಧಾನ ಸ್ವಭಾವದ ಪ್ಯಾಪಿಲರಿ ಬಗೆಯದೇ ಮೇಲುಗೈ. ಕೇಂದ್ರ ಸರ್ಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು 1962ರಲ್ಲಿ ಆರಂಭಿಸಿತು. ಆಹಾರಕ್ಕೆ ಅಯೋಡಿನ್‌ರಹಿತ ಉಪ್ಪಿನ ಮಾರಾಟದ ಮೇಲಿದ್ದ ನಿಷೇಧ 2000ದಲ್ಲಿ ರದ್ದಾಗಿ, 2006ರಲ್ಲಿ ಮರಳಿ ಜಾರಿಗೆ ಬಂತು. ಅಯೋಡಿನ್ ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯ ಬಿಸಿಯಿಂದ ದೂರ ಇಡುವುದು ಪ್ರತಿ ಮನೆಯೂ ಪಾಲಿಸಬಹುದಾದ ಕ್ರಮ.

ಥೈರಾಯ್ಡ್ ಕ್ಯಾನ್ಸರಿಗೆ ನಿರ್ವಿವಾದವಾಗಿ ಸಾಬೀತಾದ ಬಾಹ್ಯ ಕಾರಣವೆಂದರೆ ಬಾಲ್ಯದಲ್ಲಿ ಕುತ್ತಿಗೆಗೆ ತಗಲುವ ವಿಕಿರಣ. 1986ರ ಚೆರ್ನೋಬಿಲ್ ದುರಂತದ ನಂತರ ವಿಕಿರಣಶೀಲ ಅಯೋಡಿನ್ ಬೆರೆತ ಹಾಲು ಕುಡಿದ ಮಕ್ಕಳಲ್ಲಿ ಕೆಲವೇ ವರ್ಷಗಳಲ್ಲಿ ಈ ರೋಗ ಹೆಚ್ಚಿತು. 2011ರ ಫುಕುಶಿಮಾ ಅಪಘಾತದ ಬಳಿಕ ಸುಮಾರು ಮೂರು ಲಕ್ಷ ಮಕ್ಕಳ ಕುತ್ತಿಗೆಯನ್ನು ಸ್ಕ್ಯಾನ್ ಮಾಡಿದಾಗಲೂ ಪ್ರಕರಣಗಳು ಕಂಡವು. ಆದರೆ ಅವು ವಿಕಿರಣಕ್ಕಿಂತ ಸೂಕ್ಷ್ಮ ತಪಾಸಣೆಯ ಫಲ ಎಂಬುದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯ ನಿಲುವು. 2,400 ಮೆಗಾವಾಟ್ ಸಾಮರ್ಥ್ಯದ ಕೂಡಗಿ ಸ್ಥಾವರದಲ್ಲಿ ಉರಿಯುವುದು ಕಲ್ಲಿದ್ದಲು. ಅದು ಪರಮಾಣು ಸ್ಥಾವರವಲ್ಲ. ಅದರ ಹಾರುಬೂದಿ, ಹೊಗೆ, ನೀರು ಕುರಿತ ರೈತರ ಆತಂಕಕ್ಕೆ ಬೇರೆ ಆಧಾರಗಳಿವೆ, ಅವಕ್ಕೆ ಉತ್ತರವೂ ಬೇಕು. ಕೊರಳಿನ ಗಂಟನ್ನು ಅದರ ತಲೆಗೆ ಕಟ್ಟಲು ಮಾತ್ರ ಸದ್ಯಕ್ಕೆ ಪುರಾವೆ ಇಲ್ಲ. ಹಾಗೆಂದು ಸ್ಥಾವರ ನಿರ್ದೋಷಿಯೆಂದು ಘೋಷಿಸಲೂ ಯಾರ ಬಳಿಯೂ ಅಂಕಿಗಳಿಲ್ಲ. 2017ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಗುವ ಮೊದಲೇ ಸುತ್ತಲಿನ ಹಳ್ಳಿಗಳ ರೋಗಗಳನ್ನು ನೋಂದಣಿ ಮಾಡಿದ್ದರೆ ಇಂದು ಹಿಂದಿನದನ್ನೂ ಇಂದಿನದನ್ನೂ ಹೋಲಿಸಬಹುದಿತ್ತು. ಲೆಕ್ಕವಿಲ್ಲದಿದ್ದಾಗ ಲಾಭವಾಗುವುದು ಪ್ರಶ್ನೆಗೆ ಉತ್ತರಿಸಬೇಕಾದವರಿಗೆ.

ಕುಟುಂಬದಲ್ಲಿ ಸಾಗಿ ಬರುವ ಬಗೆಯೊಂದಿದೆ. ಮೆಡುಲರಿ ಎಂಬ ಈ ಅಪರೂಪದ ಕ್ಯಾನ್ಸರಿನಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಆನುವಂಶಿಕ. ತಂದೆಯಲ್ಲಾಗಲಿ ತಾಯಿಯಲ್ಲಾಗಲಿ ದೋಷವಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನಮ್ಮಲ್ಲಿ ರೂಢಿಯಲ್ಲಿರುವ ಸೋದರಿಕೆಯ ಮದುವೆ ಇದಕ್ಕೆ ಕಾರಣವಲ್ಲ. ಒಂದೇ ಮನೆತನದಲ್ಲಿ ಇಬ್ಬರಿಗೆ ಈ ಬಗೆ ಕಂಡರೆ ಉಳಿದವರು ರಕ್ತದ ಅನುವಂಶೀಯ ಪರೀಕ್ಷೆ ಮಾಡಿಸಿಕೊಳ್ಳುವುದು ಜೀವ ಉಳಿಸುವ ಕೆಲಸ.

ಎರಡು ಬಗೆಯ ನಷ್ಟ

ಈ ಚರ್ಚೆಯ ನಡುವೆ ಇಬ್ಬರು ಮಹಿಳೆಯರನ್ನು ಮರೆಯಬಾರದು. ಒಬ್ಬಳು ಪಟ್ಟಣದಲ್ಲಿದ್ದಾಳೆ. ಯಾವುದೋ ಪ್ಯಾಕೇಜ್ ತಪಾಸಣೆಯಲ್ಲಿ ಐದು ಮಿಲಿಮೀಟರ್ ಗಂಟು ಕಂಡು, ಹೆದರಿ, ಇಡೀ ಗ್ರಂಥಿಯನ್ನೇ ತೆಗೆಸಿಕೊಂಡು, ಜೀವನಪರ್ಯಂತ ಮಾತ್ರೆಗೆ ಅಂಟಿಕೊಳ್ಳುತ್ತಾಳೆ. ಇನ್ನೊಬ್ಬಳು ತೋಟದ ವಸತಿಯಲ್ಲಿದ್ದಾಳೆ. ಕೊರಳಿನ ಗಂಟು ಗಟ್ಟಿಯಾಗುತ್ತಾ, ಧ್ವನಿ ಒಡೆಯುತ್ತಾ ಬಂದರೂ ಸೆರಗು ಹೊದ್ದು ಮುಚ್ಚಿಕೊಂಡು, ಕಬ್ಬಿನ ಹಂಗಾಮು ಮುಗಿಯಲಿ, ಮಗಳ ಮದುವೆ ಆಗಲಿ ಎಂದು ಮುಂದೂಡುತ್ತಾಳೆ. ಮೊದಲನೆಯವಳು ಲೆಕ್ಕಕ್ಕೆ ಸೇರಿ ದರವನ್ನು ಏರಿಸುತ್ತಾಳೆ. ಎರಡನೆಯವಳು ಲೆಕ್ಕಕ್ಕೆ ಬರುವ ಮೊದಲೇ ತೀರಿಕೊಳ್ಳುತ್ತಾಳೆ. ಆರೋಗ್ಯ ವ್ಯವಸ್ಥೆ ಕಾಣಬೇಕಾದದ್ದು ಎರಡನೆಯವಳನ್ನು.

ಅವಳಿಗಾಗಿ ತಿಳಿಸಬೇಕಾದ ಮಾತುಗಳು ಕೆಲವೇ. ಕುತ್ತಿಗೆಯ ಮುಂಭಾಗದ ಗಂಟು ಗಟ್ಟಿಯಾಗಿದ್ದರೆ ಅಥವಾ ವಾರಗಳ ಲೆಕ್ಕದಲ್ಲಿ ಬೆಳೆಯುತ್ತಿದ್ದರೆ, ಧ್ವನಿ ಬದಲಾಗಿ ಸರಿಹೋಗದಿದ್ದರೆ, ನುಂಗಲು ಅಥವಾ ಉಸಿರಾಡಲು ತೊಂದರೆಯಾದರೆ, ಕುತ್ತಿಗೆಯ ಪಕ್ಕದಲ್ಲಿ ಬೇರೆ ಗಡ್ಡೆಗಳು ಕೈಗೆ ಸಿಕ್ಕರೆ, ಮನೆಯಲ್ಲಿ ಮತ್ತೊಬ್ಬರಿಗೆ ಈ ಕ್ಯಾನ್ಸರ್ ಆಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಬಹಳ ವರ್ಷಗಳಿಂದ ಇದ್ದ ಗಳಗಂಡ ವಯಸ್ಸಾದವರಲ್ಲಿ ಏಕಾಏಕಿ ದೊಡ್ಡದಾದರೆ ಅದೂ ಅಪಾಯದ ಸೂಚನೆ. ಸ್ಕ್ಯಾನಿಂಗ್ ಮತ್ತು ಸಣ್ಣ ಸೂಜಿಯಿಂದ ಜೀವಕೋಶ ತೆಗೆದು ನೋಡುವ ಪರೀಕ್ಷೆ ಸಾಮಾನ್ಯವಾಗಿ ಸಾಕು. ಸೂಜಿ ಚುಚ್ಚಿದರೆ ಗಂಟು ಹರಡುತ್ತದೆಂಬ ಭಯಕ್ಕೆ ಆಧಾರವಿಲ್ಲ. ಹೆಚ್ಚಿನ ಥೈರಾಯ್ಡ್ ಕ್ಯಾನ್ಸರ್‌ಗಳು ಚಿಕಿತ್ಸೆಯಿಂದ ಗುಣವಾಗುತ್ತವೆ. ಲಕ್ಷಣವೇ ಇಲ್ಲದವರು ಶಿಬಿರ ಇದೆಯೆಂದು ಕುತ್ತಿಗೆ ಸ್ಕ್ಯಾನ್ ಮಾಡಿಸಿಕೊಳ್ಳುವ ಅಗತ್ಯವಿಲ್ಲ.

ಆಗಬೇಕಾದದ್ದೇನು?

ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಕ್ಯಾನ್ಸರನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿವೆ. ಆದರೆ ಆದೇಶ ಹೊರಡಿಸುವುದು ಒಂದು ಹಂತ, ಬಂದ ಮಾಹಿತಿಯನ್ನು ಊರುವಾರು ಜೋಡಿಸುವುದು ಇನ್ನೊಂದು ಹಂತ. ವಿಜಯಪುರ ನಗರದಲ್ಲಿ ಎರಡು ಖಾಸಗಿ ವೈದ್ಯಕೀಯ ಕಾಲೇಜುಗಳಿವೆ, ಜಿಲ್ಲಾ ಆಸ್ಪತ್ರೆಯಿದೆ. ಹಳ್ಳಿ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಬಾರ್ಶಿಗೆ 1987ರಲ್ಲಿ ಇವುಗಳಲ್ಲಿ ಬಹುಪಾಲು ಇರಲಿಲ್ಲ.

ಒಂದು ನೋಂದಣಿ ಆರಂಭಿಸಲು ಬೇಕಾಗುವುದು ಕೆಲವು ಕ್ರಮಗಳು. ರೋಗಪತ್ತೆ ಪ್ರಯೋಗಾಲಯಗಳು ಕ್ಯಾನ್ಸರ್ ಎಂದು ಬರೆದ ಪ್ರತಿ ವರದಿಯ ಪ್ರತಿಯೂ ಒಂದೆಡೆ ಸೇರಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಶಸ್ತ್ರಚಿಕಿತ್ಸೆಗೆ ಹಣ ಪಾವತಿಯಾದಾಗ ರೋಗಿಯ ಗ್ರಾಮದ ಹೆಸರು ದಾಖಲಾಗಬೇಕು. ಗ್ರಾಮದ ಹೆಸರಿದ್ದರೆ ತಾಲ್ಲೂಕಿನ ಗಡಿ ಎಷ್ಟು ಬಾರಿ ಬದಲಾದರೂ ಲೆಕ್ಕ ಕೆಡುವುದಿಲ್ಲ. ಸೊಲ್ಲಾಪುರ, ಮಿರಜ್‌ಗಳಲ್ಲಿ ಚಿಕಿತ್ಸೆ ಪಡೆದವರ ವಿವರ ತರಿಸಿಕೊಳ್ಳಲು ಮಹಾರಾಷ್ಟ್ರದೊಡನೆ ಒಪ್ಪಂದವಾಗಬೇಕು; ಈ ಭಾಗದ ಗಡಿ ಜಗಳಗಳ ನಡುವೆ ಎರಡೂ ರಾಜ್ಯಗಳು ಸುಲಭವಾಗಿ ಒಪ್ಪಬಹುದಾದ ವಿಷಯ ಇದೊಂದಾದರೂ ಇರಲಿ. ಸಾವಿನ ಕಾರಣವನ್ನು ‘ವಯೋಸಹಜ’ ಎಂದು ಬರೆದು ಮುಗಿಸುವ ಅಭ್ಯಾಸ ನಿಲ್ಲಬೇಕು. ಬಾರ್ಶಿಯಲ್ಲಿ ಮಾಡಿದಂತೆ ವರ್ಷಕ್ಕೆ ಒಂದೆರಡು ಬಾರಿಯಾದರೂ ಊರಿನ ಕಟ್ಟೆಯ ಮೇಲೆ ಕುಳಿತು ಕೇಳುವವರು ಬೇಕು.

ಐದು ವರ್ಷಗಳ ನಂತರ ಆ ಪುಸ್ತಕ ತೆರೆದಾಗ ನಾಲ್ಕು ತಾಲ್ಲೂಕುಗಳ ದರ ಒಂದೇ ಎಂದು ಕಂಡುಬಂದರೆ ಒಂದು ಭಯ ಕಳೆಯುತ್ತದೆ. ಒಂದರಲ್ಲಿ ಸಾವು ಹೆಚ್ಚೆಂದು ಕಂಡರೆ ಎಲ್ಲಿ ಹುಡುಕಬೇಕೆಂಬುದು ಗೊತ್ತಾಗುತ್ತದೆ. ಎರಡೂ ಲಾಭವೇ. ಥೈರಾಯ್ಡ್ ಒಂದಕ್ಕೇ ಅಲ್ಲ, ಇದಕ್ಕಿಂತ ಹೆಚ್ಚು ಜೀವ ತೆಗೆಯುವ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳಿಗೂ ಅದೇ ಪುಸ್ತಕ ಉತ್ತರ ಹೇಳುತ್ತದೆ. ಅಲ್ಲಿಯವರೆಗೆ ‘ನಮ್ಮ ಕಡೆ ಬಹಳ ಆಗೇದ’ ಎಂಬ ಮಾತನ್ನು ನಿಜವೆನ್ನಲೂ ಸುಳ್ಳೆನ್ನಲೂ ಜಿಲ್ಲಾಡಳಿತಕ್ಕೆ ಅಧಿಕಾರವಿಲ್ಲ.